ಬೂಟು ಬಿಟ್ಟು ಹೋದ ಕಾಲು

ಗಜೇಂದ್ರಗಡ ಠಾಣೆಗೆ ದೂರು ಬಂದದ್ದು ಮಂಗಳವಾರ ಬೆಳಿಗ್ಗೆ. ದೂರುದಾರಳು ಅನ್ನಪೂರ್ಣೇಶ್ವರಿ, ನಿವೃತ್ತ ಉಪನ್ಯಾಸಕಿ. ಮಾಜಿ ಸೈನಿಕರಿಗೆ ಸಿಕ್ಕ ಆರೈಕೆಯ ಇತಿಹಾಸ ಹೇಳಲು ಊರಲ್ಲೊಂದು ವಸ್ತುಸಂಗ್ರಹಾಲಯ ಎದ್ದಿತ್ತು, ಅದರ ಕಾರ್ಯದರ್ಶಿ. ರೋಣ, ನರಗುಂದದ ಹಳ್ಳಿಗಳನ್ನೆಲ್ಲ ಸುತ್ತಿ ಊರುಗೋಲು, ಗಾಲಿಕುರ್ಚಿ, ಆಸ್ಪತ್ರೆಯ ಕಂಬಳಿ, ಗಾಜಿನ ಕಣ್ಣು ಎಲ್ಲವನ್ನೂ ಕೂಡಿಹಾಕಿದ್ದಳು. ಭಾನುವಾರ ಉದ್ಘಾಟನೆ ಇತ್ತು.

"ಏನು ಕಳುವಾಗೇತ್ರಿ?" ಪಿಎಸ್‌ಐ ಕಳಕೇಶ ಕೇಳಿದ.

"ಕಾಲ್ರಿ. ಕಟ್ಟಿಗಿ ಕಾಲು."

"ಯಾರದು?"

"ಸಂಗ್ರಹಾಲಯದ್ದು."

ಕಳಕೇಶ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಗಾಜಿನ ಕಪಾಟಿಗೆ ಬೀಗ ಹಾಕಿರಲಿಲ್ಲ, ಬಣ್ಣದ ಕೆಲಸ ನಡೆದಿತ್ತು. ಬೆಳ್ಳಿಯ ಪದಕಗಳು ಇದ್ದಲ್ಲೇ ಇದ್ದವು. ಕಾಲು ನಿಂತಿದ್ದ ಜಾಗದಲ್ಲಿ ಪಾಲಿಶ್ ಮಾಡಿದ ಒಂಟಿ ಬೂಟು, ಪಕ್ಕದಲ್ಲಿ ಕಾಲಿನಿಂದ ಬಿಚ್ಚಿಟ್ಟ ಚರ್ಮದ ಪಟ್ಟಿ. ಗೋಡೆಯ ಫಲಕದಲ್ಲಿ ಚಂದದ ಅಕ್ಷರ: "ನೆಲದ ಮೇಲೆ ಕಾಲು ಮಡಚಿ ಕುಳಿತುಕೊಳ್ಳಲು ಅನುಕೂಲವಾಗುವಂತೆ ಮೊಣಕಾಲಿನ ಕೀಲು ರೂಪಿಸಲಾಗಿದೆ."

"ತಲಿ ಕೆಟ್ಟ ಕಳ್ಳ ಇರಬೇಕ್ರಿ ಸಾಹೇಬ್ರ," ಹೆಡ್ ಕಾನ್‌ಸ್ಟೇಬಲ್ ದಿಲಾವರ ಅಂದ. "ಬೆಳ್ಳಿ ಬಿಟ್ಟಾನ, ಬೂಟು ಬಿಟ್ಟಾನ, ಕಟ್ಟಿಗಿ ಒಯ್ದಾನ."

ಕಳಕೇಶ ಬೂಟನ್ನೇ ನೋಡುತ್ತ ನಿಂತ. ಅಪ್ಪನ ಮಣ್ಣಿನ ದಿನ ಅವನಿಗೆ ನೆನಪಾಗಿತ್ತು. ಅಪ್ಪನ ಕೈಗಡಿಯಾರದ ಚರ್ಮದ ಪಟ್ಟಿಯನ್ನೂ ಹಿರಿಯರು ಬಿಚ್ಚಿಸಿದ್ದರು. ಹೆಣ ಹೂಳುವ ಕುಣಿಯೊಳಗೆ ಚರ್ಮ ಇಳಿಯಬಾರದು ಎಂಬುದು ಅವರ ಜನರ ಪದ್ಧತಿ.

"ಕಳ್ಳನ ತಲಿ ಚಲೋ ಐತಿ, ದಿಲಾವರ. ಈ ಕಾಲು ಯಾರದೋ ಕುಣಿಯೊಳಗ ಹೋಗೇತಿ. ಮೇಡಂ, ಇದನ್ನ ಕೊಟ್ಟವ್ರು ಯಾರು?"

"ಸೂಡಿ ಊರಿನ ಈಶಪ್ಪ ಅಂತ, ಮಾಜಿ ಸಿಪಾಯಿ. ದಾನ ಕೊಟ್ಟಾರ."

"ಈಗ ಹ್ಯಾಂಗದಾರ?"

"ಅದು ಗೊತ್ತಿಲ್ರಿ."

ಕಾಲು ಯಾವ ಮರದ್ದು, ಎಲ್ಲಿ ತಯಾರಾಯಿತು, ಎಲ್ಲ ಅವಳಿಗೆ ಬಾಯಿಪಾಠ. ಅದನ್ನು ಕಟ್ಟಿಕೊಂಡಿದ್ದವನು ಬದುಕಿದ್ದಾನೋ ಸತ್ತಿದ್ದಾನೋ ಎಂದು ಮಾತ್ರ ವಿಚಾರಿಸಿರಲಿಲ್ಲ. ಏನು ಹೇಳಬೇಕು ಇಂಥವರಿಗೆ.

ಬಣ್ಣ ಬಳಿಯುವವನ ಹೇಳಿಕೆ ಹೀಗಿತ್ತು: ಸೋಮವಾರ ಮುಂಜಾನೆ ಒಬ್ಬ ಮುದುಕಿ ಹೊದೆಯುವ ಕೌದಿ ಹಿಡಿದುಕೊಂಡು ಬಂದಳು. ಹಳೇ ಸಾಮಾನು ಕೊಡುವವರು ದಿನಾ ಬರುತ್ತಿದ್ದರು, ಇವಳೂ ಹಾಗೇ ಅಂದುಕೊಂಡೆ. ಹೊರಡುವಾಗ ಕೌದಿ ಭಾರ ಕಂಡಿತು, ಬಾಗಿಲು ನಾನೇ ತೆರೆದು ಹಿಡಿದೆ.

ಮಧ್ಯಾಹ್ನ ಜೀಪು ಸೂಡಿಗೆ ಹೋಯಿತು. ಜತೆಗೆ ಮಹಿಳಾ ಕಾನ್‌ಸ್ಟೇಬಲ್ ಪುಷ್ಪಾವತಿ, ವಸ್ತು ಗುರುತಿಸಲು ಅನ್ನಪೂರ್ಣೇಶ್ವರಿ. ಈಶಪ್ಪನ ಮನೆಯ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಜಮಾಲಬಿ ತಾನಾಗಿಯೇ ಹೇಳಿದಳು.

"ನಿನ್ನೆ ನಸುಕಿನ್ಯಾಗ ಜೀವ ಹೋತ್ರಿ. ಈಕಿ ಗಂಡನ ಹೆಣ ಬಿಟ್ಟು ಬಸ್ ಹತ್ತಿದ್ಲು. ಮಂದಿ ಬಾಯಿಗೆ ಬಂದಂಗ ಬೈದ್ರು. ನಾನೂ ಬೈದೆ."

ಈಶಪ್ಪನ ಹೆಂಡತಿ ಸಿದ್ದಲಿಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಖಾಕಿ ಕಂಡರೂ ಏಳಲಿಲ್ಲ.

"ಕಾಲು ನೀವ ತಂದ್ರ್ಯಾ, ಅವ್ವಾ?"

"ಹೌದ್ರಿ."

"ಎಲ್ಲೈತಿ?"

"ಅವ್ರ ಕೂಡ ಐತಿ."

"ದಾನ ಕೊಟ್ಟದ್ದಂತಲ್ಲ?"

ಅವಳು ಅನ್ನಪೂರ್ಣೇಶ್ವರಿಯ ಕಡೆ ಕೈ ತೋರಿದಳು. "ಈ ಅಕ್ಕಾರು ಬಂದ್ರು. ಕಾಲು ಸವದೈತಿ, ನಮಗ ಕೊಡ್ರಿ, ಅರ್ಜಿ ಹಾಕಿ ಹೊಸಾದು ಕೊಡಸ್ತೀವಿ ಅಂದ್ರು. ನಮ್ಮನಿಯವ್ರು ನಂಬಿ ಕೊಟ್ರು. ಕಾಲು ಮಾಡೋ ದವಾಖಾನಿಗೆ ಹೋದ್ರ, ಹಳೇದು ತೋರಸ್ರಿ, ಸವದದ್ದು ನೋಡದ ಹೊಸಾದು ಬರೂದಿಲ್ಲ ಅಂದ್ರು. ಹೊಳ್ಳಿ ಬಂದು ಇವ್ರನ್ನ ಕೇಳಿದ್ವಿ. ಸಂಗ್ರಹಕ್ಕ ಸೇರಿದ್ದು ಹೊರಗ ಕೊಡಾಕ ಬರೂದಿಲ್ಲ ಅಂದ್ರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಸಾಕಾಗಿ ನಮ್ಮನಿಯವ್ರು ಮೂಲಿ ಹಿಡದ್ರು."

"ಖರೇ ಏನ್ರಿ?" ಕಳಕೇಶ ತಿರುಗಿ ಕೇಳಿದ.

"ನಿಯಮ ಹಂಗೈತ್ರಿ," ಅನ್ನಪೂರ್ಣೇಶ್ವರಿ ಅಂದಳು. "ಇನ್ನೊಂದು ಅರ್ಜಿ ಬರಿಯೋರಿದ್ವಿ."

ಪುಷ್ಪಾವತಿ ಹೇಳಿಕೆ ಬರೆಯುವುದನ್ನು ನಿಲ್ಲಿಸಿದ್ದಳು.

"ಸತ್ತ ಮ್ಯಾಲ ತಗೊಂಡು ಏನು ಮಾಡಿದ್ರಿ, ಅವ್ವಾ?"

"ನಮ್ಮಲ್ಲಿ ಪದ್ಮಾಸನ ಹಾಕಿ ಕೂಡಸಿ ಮಣ್ಣು ಕೊಡತಾರ. ನಿಮಗೂ ಗೊತ್ತೈತಿ. ಒಂದ ಕಾಲಿನ ಮನಷಾ, ಹ್ಯಾಂಗ ಕೂಡಸಿದ್ರೂ ಒಂದ ಕಡಿ ವಾಲತಿದ್ರು. ಹಿರ್‍ಯಾರು ಹಗ್ಗ ತಗೊಂಡು ಕಟ್ರಿ ಅಂದ್ರು. ಅವ್ರೇನು ಕಳ್ಳರಾ, ಕಟ್ಟಾಕ? ಹೋಗಿ ಕಾಲು ತಂದೆ. ಮಡಚಿ ಇಟ್ಟೆ. ನೆಟ್ಟಗ ಕುಂತ್ರು."

ಅನ್ನಪೂರ್ಣೇಶ್ವರಿ ಕಣ್ಣೊರೆಸಿಕೊಂಡಳು. "ಸಾಹೇಬ್ರ, ದೂರು ಹಿಂದಕ್ಕ ತಗೋತೀನಿ."

"ಎಫ್‌ಐಆರ್ ಆಗೇತ್ರಿ. ಇನ್ನ ಅದು ಕೋರ್ಟಿನ ಮಾತು," ಕಳಕೇಶ ಅಂದ. ಅವನಿಗೆ ಅವಳ ಮೇಲೂ ಸಿಟ್ಟು ಬಂದಿತ್ತು, ತನ್ನ ಕೆಲಸದ ಮೇಲೂ. ಸಂಜೆ ನಾಲ್ಕಕ್ಕೆ ಸಿದ್ದಲಿಂಗವ್ವನ ಬಂಧನವಾಯಿತು. ಕುಣಿ ತೆಗೆಸಿ ಕಾಲನ್ನು ವಶಪಡಿಸಿಕೊಳ್ಳಲು ತಹಶೀಲ್ದಾರರಿಗೆ ಬರೆಯಬೇಕೇ ಎಂದು ದಿಲಾವರ ಮೆಲ್ಲಗೆ ಕೇಳಿದ. "ಮುದ್ದೆಮಾಲು ಸಿಗಲಿಲ್ಲ ಅಂತ ಬರಿ," ಅಂದ ಕಳಕೇಶ. ಕೃತ್ಯದ ಉದ್ದೇಶ ಬರೆಯುವಲ್ಲಿ ತಾನೇ ಪೆನ್ನು ತೆಗೆದುಕೊಂಡು, "ಗಂಡನನ್ನು ನೆಟ್ಟಗೆ ಕೂಡಿಸುವ ಸಲುವಾಗಿ" ಎಂದು ಬರೆದ.

ಜೀಪು ಹತ್ತುವ ಮೊದಲು ಅನ್ನಪೂರ್ಣೇಶ್ವರಿಯ ಕಣ್ಣು ಬಾಗಿಲ ಸಂದಿಗೆ ಬಿತ್ತು. ಅಲ್ಲೊಂದು ಜಾಲಿಯ ಊರುಗೋಲು ಇತ್ತು. ಕಂಕುಳಿಗೆ ಬರುವಲ್ಲಿ ಹಳೆಯ ಸೀರೆ ಸುತ್ತಿತ್ತು.

"ಇದು ಅವ್ರದಾ?" ಅವಳು ತಡೆದು ತಡೆದು ಕೇಳಿದಳು. "ಅಲ್ಲಿ ಜಾಗ ಖಾಲಿ ಐತ್ರಿ. ಕೊಡ್ತೀರೇನು?"

ಜಮಾಲಬಿ ಥೂ ಎಂದು ಅತ್ತ ತಿರುಗಿದಳು. ಸಿದ್ದಲಿಂಗವ್ವ ಊರುಗೋಲು ಎತ್ತಿ ಅನ್ನಪೂರ್ಣೇಶ್ವರಿಯ ಮುಂದೆ ಹಿಡಿದಳು.

"ಒಯ್ರಿ. ಇದನ್ನ ಯಾ ದವಾಖಾನಿನೂ ಕೊಟ್ಟದ್ದಲ್ಲ. ಹಿತ್ತಲದಾಗಿನ ಜಾಲಿ ಕಡದು ನಾನ ಮಾಡಿದ್ದು. ಸಿದ್ದಲಿಂಗವ್ವ ಮಾಡಿದ್ದು ಅಂತ ಅಲ್ಲಿ ಬರೀರಿ."

ಅನ್ನಪೂರ್ಣೇಶ್ವರಿ ಆಗಲಿ ಅಂದಳು.

ಭಾನುವಾರ ಬಂದೋಬಸ್ತಿಗೆ ಹೋದ ಕಳಕೇಶ ಆ ಕಪಾಟಿನ ಮುಂದೆ ನಿಂತ. ಊರುಗೋಲು ಒಳಗಿತ್ತು. ಆರೋಪಿಯ ಹೆಸರು ಫಲಕದಲ್ಲಿ ಬರುವುದು ಬೇಡವೆಂದು ಸಮಿತಿ ತೀರ್ಮಾನಿಸಿತ್ತು. "ಮಾಜಿ ಸೈನಿಕರೊಬ್ಬರ ಊರುಗೋಲು. ಮಾಡಿದವರು ಯಾರೆಂದು ತಿಳಿದಿಲ್ಲ" ಎಂದು ಬರೆದಿದ್ದರು.