ನಡುಪುಟದ ಜಗಳ

ಅವನ ಜೊತೆ ನಾನು ಆಡಿದ ಮೊದಲ ಮಾತೇ ಬೈಗುಳ.

"ಇದು ಲೇಖನಾನಾ, ಇಲ್ಲ ನಿಮ್ಮ ವಂಶಾವಳೀನಾ?"

ಒಂದು ಪುಟ ಕೇಳಿದ್ದಕ್ಕೆ ಆರು ಪುಟ ಬರೆದು ತಂದಿದ್ದ. ಸಾಲದ್ದಕ್ಕೆ ಪ್ರತಿ ಪುಟದ ಕೆಳಗೂ ಇರುವೆ ಸಾಲಿನ ಹಾಗೆ ಅಡಿಟಿಪ್ಪಣಿಗಳು.

"ಓದಿ ನೋಡಿ ಆಮೇಲೆ ಬೈ," ಎಂದ.

"ಇದನ್ನ ಓದೋಕೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು."

ಆವತ್ತಿನಿಂದ ಅವನಿಗೆ ಅಡಿಟಿಪ್ಪಣಿ ಎಂದೇ ಹೆಸರು. ಅವನು ನನ್ನನ್ನು ಕತ್ತರಿ ಎಂದು ಕರೆದ. ಕ್ಲಾಸಿನವರಿಗೆಲ್ಲ ಎರಡೂ ಹೆಸರು ಬಹಳ ಹಿಡಿಸಿದವು.

ನಾವು ಇಷ್ಟಪಟ್ಟು ಜೊತೆಯಾದವರಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಡಿಸೈನ್ ಓದುವವರೊಬ್ಬರು, ಬರವಣಿಗೆ ಓದುವವರೊಬ್ಬರು ಸೇರಿ ಒಂದು ಪತ್ರಿಕೆ ಮಾಡಬೇಕಿತ್ತು. ವಿಷಯದ ಚೀಟಿ ಎತ್ತಿದಾಗ ಬೇರೆಯವರಿಗೆ ಸೈಕಲ್ಲು, ಬೆಕ್ಕು, ಅಡುಗೆ ಬಂತು. ನಮಗೆ ಒಪೆರಾ, ಅಂದರೆ ಪಾಶ್ಚಾತ್ಯ ಹಾಡುನಾಟಕದ ಪ್ರಿಯರು ಬಂದರು. ಚೂರಿ ಚುಚ್ಚಿಸಿಕೊಂಡ ಮೇಲೂ ಅರ್ಧ ಗಂಟೆ ಹಾಡಿಯೇ ಸಾಯುವ ಜನರ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಅವನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿತ್ತು.

ನಮ್ಮ ಕೂಗಾಟ ಕಾರಿಡಾರ್ ದಾಟಿ ಹೋದಾಗ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಕರೆಸಿ ಹೇಳಿದರು: "ಇನ್ನೊಂದು ಸಲ ನಿಮ್ಮ ಜಗಳ ನನ್ನ ಕಿವಿಗೆ ಬಿದ್ರೆ ಇಬ್ಬರನ್ನೂ ಬೇರೆ ಮಾಡ್ತೀನಿ. ನೀನು ಬೆಕ್ಕಿಗೆ ಹೋಗು, ಅವನು ಸೈಕಲ್ಲಿಗೆ."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಈ ಮನುಷ್ಯನನ್ನು ಬಿಟ್ಟು ಬೆಕ್ಕಿನ ಜೊತೆ ಏನು ಮಾಡಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಕೋಪ ಬಂದರೆ ಅವನ ಕಿವಿ ಕೆಂಪಾಗುತ್ತದೆ, ಮೊದಲು ಬಲಗಿವಿ, ಆಮೇಲೆ ಎಡಗಿವಿ. ಅದನ್ನು ನೋಡುವುದಕ್ಕೆಂದೇ ನಾನು ಎಷ್ಟೋ ಸಲ ಸುಮ್ಮಸುಮ್ಮನೆ ಅವನ ವಾಕ್ಯಗಳನ್ನು ಹೊಡೆದುಹಾಕಿದ್ದೆ. ಅವನು ಗುರ್ ಎಂದು ನೋಡುತ್ತಿದ್ದ. ನಾನು ಸ್ಕ್ರೀನ್ ನೋಡುವಂತೆ ನಟಿಸುತ್ತಿದ್ದೆ. ಮೇಡಂಗೆ ಹೆದರಿ ಆಮೇಲಿನ ಜಗಳಗಳನ್ನೆಲ್ಲ ಪಿಸುಮಾತಿನಲ್ಲಿ ಆಡಿದೆವು. ಪಿಸುಮಾತಿಗೆ ತಲೆಗಳು ಹತ್ತಿರ ಬರಬೇಕಾಗುತ್ತದೆ. ಅದೊಂದು ಬೇರೆ ತೊಂದರೆ.

ಫೋಟೋ ತೆಗೆಯಲು ಅವನು ನನ್ನನ್ನು ಒಪೆರಾ ರಿಹರ್ಸಲ್‌ಗೆ ಕರೆದುಕೊಂಡು ಹೋದ. ವೇದಿಕೆಯ ಮುಂದೆ ನಾಯಕಿ ಕೆಂಪು ಗೌನಿನಲ್ಲಿ ಹಾಡುತ್ತಿದ್ದಳು. ಹಿಂದೆ ಕೋರಸ್ಸಿನ ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತು ದನಿಗೂಡಿಸುತ್ತಿದ್ದರು. ನಾನು ಕ್ಯಾಮೆರಾ ಇಳಿಸಿ ಪಕ್ಕಕ್ಕೆ ತಿರುಗಿದರೆ ಅಡಿಟಿಪ್ಪಣಿಯ ಕಣ್ಣು ತುಂಬಿತ್ತು. ರೆಪ್ಪೆ ಕೂಡ ಬಡಿಯದೆ ವೇದಿಕೆಯನ್ನೇ ನೋಡುತ್ತಿದ್ದ.

ಓಹೋ, ವಿಷಯ ಇದು ಅಂದುಕೊಂಡೆ. ನಾಯಕಿ ನಿಜವಾಗಿಯೂ ಚೆಂದವಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ.

ಹಠಕ್ಕೆ ಬಿದ್ದವಳ ಹಾಗೆ ನಡುಪುಟದಲ್ಲಿ ನಾಯಕಿಯನ್ನೇ ದೊಡ್ಡದಾಗಿ ಕೂರಿಸಿದೆ. ಹಿಂದಿನವರನ್ನೆಲ್ಲ ಕತ್ತರಿಸಿ ಬಲಪುಟದ ತುಂಬ ಅವಳೊಬ್ಬಳೇ. ಎಡಪುಟದಲ್ಲಿ ಅವನ ಲೇಖನ.

"ತಗೋ, ನಿನ್ನ ಕಣ್ಣಿಗೆ ಹಬ್ಬ," ಎಂದೆ.

ಅವನು ನೋಡಿದ. ಬಲಗಿವಿ ಕೆಂಪಾಯಿತು. "ಉಳಿದವರೆಲ್ಲ ಎಲ್ಲಿ?"

"ಯಾರು ಉಳಿದವರು?"

"ಕೋರಸ್. ಪೂರ್ತಿ ಫೋಟೋ ಹಾಕು."

"ಅಷ್ಟೂ ಜನರನ್ನ ತುಂಬಿದ್ರೆ ಪುಟ ಸಂತೆ ಆಗುತ್ತೆ. ಒಂದು ಪುಟಕ್ಕೆ ಒಂದು ಮುಖ ಸಾಕು."

"ಆ ಫೋಟೋ ಚೆನ್ನಾಗಿರೋದೇ ಹಿಂದಿನವರಿಂದ. ನಿನಗೆ ಕಾಣ್ಸೋದಿಲ್ವಾ?"

"ಕಾರಣ ಹೇಳು, ಹಾಕ್ತೀನಿ."

ಅವನ ಎಡಗಿವಿಯೂ ಕೆಂಪಾಯಿತು. "ಕಾರಣ ಹೇಳಿದ ಮೇಲೆ ಹಾಕೋದಾದ್ರೆ ಬೇಡ," ಎಂದು ಬ್ಯಾಗ್ ಎತ್ತಿಕೊಂಡು ಹೋಗಿಬಿಟ್ಟ.

ನಾನು ಫೈಲ್ ಮುಗಿಸಿ, ಪ್ರೆಸ್ಸಿಗೆ ಕಳಿಸುವ ಕೆಲಸವನ್ನು ಅವನಿಗೇ ಬಿಟ್ಟೆ. ಎರಡು ದಿನ ಬಿಟ್ಟು ಪ್ರೆಸ್ಸಿನಿಂದ ಮಾದರಿ ಪ್ರತಿ ಬಂತು. ಇದನ್ನು ಒಪ್ಪಿದರೆ ಉಳಿದ ಪ್ರತಿಗಳು ಅಚ್ಚಾಗುತ್ತವೆ. ಅಂಟು, ಶಾಯಿಯ ವಾಸನೆ ಇನ್ನೂ ಆರಿರಲಿಲ್ಲ. ನಾನು ನೇರವಾಗಿ ನಡುಪುಟ ತೆಗೆದೆ.

ನಾಯಕಿ ಇರಲಿಲ್ಲ. ಅವಳ ಒಂದು ತೋಳು ಮಾತ್ರ ಅಂಚಿನಲ್ಲಿ ಉಳಿದಿತ್ತು. ಎರಡೂ ಪುಟದ ಉದ್ದಕ್ಕೆ ಕೋರಸ್ಸಿನ ಹೆಂಗಸರು, ಲೇಖನವೆಲ್ಲ ಅವರ ಪಾದದ ಕೆಳಗೆ ಇರುಕಿಕೊಂಡಿತ್ತು. ಪ್ರೆಸ್ಸಿಗೆ ಕಳಿಸುವ ಮುಂಚೆ ಅವನು ನನ್ನ ಫೈಲ್ ತೆಗೆದು ಫೋಟೋ ಬದಲಾಯಿಸಿದ್ದ. ನನಗೆ ಒಂದು ಮಾತೂ ಹೇಳದೆ!

ಕೋಪ ನೆತ್ತಿಗೇರಿತು. ಯಾರಾದರೂ ಅವನ ಒಂದು ಅಲ್ಪವಿರಾಮ ಮುಟ್ಟಿದರೆ ಊರು ಒಂದು ಮಾಡುವವನು, ನನ್ನ ಪುಟವನ್ನು ಕದ್ದು ತಿದ್ದಿದ್ದ. ಪ್ರತಿ ಹಿಡಿದು ಸೀದಾ ಮೇಡಂ ಕೋಣೆಗೆ ನುಗ್ಗಿದೆ.

ಮೇಡಂ ನನ್ನ ಮುಖ ನೋಡಿಯೇ ಪೆನ್ ಕೆಳಗಿಟ್ಟರು. "ಮತ್ತೆ ಜಗಳಾನಾ? ಸರಿ, ಬೇರೆ ಮಾಡ್ಲಾ?"

"ಬೇಡ."

ಆ ಮಾತು ನನ್ನ ಬಾಯಿಂದಲೇ ಬಂದಿತ್ತು.

"ಮತ್ತೆ ಯಾಕೆ ಬಂದೆ?"

"ಸ್ಟೇಪ್ಲರ್ ಬೇಕಿತ್ತು, ಮೇಡಂ."

ಸ್ಟೇಪ್ಲರ್ ಹಿಡಿದು ಹೊರಗೆ ಬಂದೆ. ಈಗ ಸಿಟ್ಟು ದುಪ್ಪಟ್ಟಾಗಿತ್ತು. ಅವನು ಕ್ಯಾಂಟೀನಿನ ಮೂಲೆಯಲ್ಲಿ ಕೂತಿದ್ದ. ಪ್ರತಿಯನ್ನು ಅವನ ಕಾಫಿಯ ಪಕ್ಕ ಬಡಿದೆ.

"ಮುಟ್ಟೋಕೆ ನಿನಗೆ ಯಾರು ಹೇಳಿದ್ದು? ನಾನು ನಿನ್ನ ವಾಕ್ಯ ಹೊಡೆದಾಗೆಲ್ಲ ನಿನ್ನ ಎದುರಿಗೇ ಹೊಡೆದಿದ್ದೀನಿ. ನೀನು ಕಳ್ಳನ ಹಾಗೆ..."

ಅವನು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಆಸೆಯಿಂದ ನಡುಪುಟ ತೆರೆದ. ಕಣ್ಣಲ್ಲೇ ಏನನ್ನೋ ಹುಡುಕಿದ. ಎರಡೂ ಹೆಬ್ಬೆರಳಿಂದ ಪುಟಗಳನ್ನು ಅಗಲಿಸಿ ಒತ್ತಿದ. ಬಿಟ್ಟೊಡನೆ ಅವು ಮತ್ತೆ ಒಳಕ್ಕೆ ಬಾಗಿದವು.

"ಇಲ್ಲಿ ಒಬ್ಬರಿದ್ರು," ಎಂದ. "ಸರಿಯಾಗಿ ಮಧ್ಯದಲ್ಲಿ ಇಟ್ಟಿದ್ದೆ. ಸ್ಕ್ರೀನಿನಲ್ಲಿ ಕಾಣಿಸ್ತಿದ್ರು."

"ಸ್ಕ್ರೀನಿಗೆ ಬೆನ್ನು ಇಲ್ಲ, ಪುಸ್ತಕಕ್ಕೆ ಇದೆ. ಅಂಟು ಹಾಕಿದ ಪುಸ್ತಕದಲ್ಲಿ ಮಧ್ಯಕ್ಕೆ ಇಟ್ಟದ್ದನ್ನ ಮಡಿಕೆ ನುಂಗುತ್ತೆ. ಮೊದಲನೇ ವರ್ಷದ ಮಕ್ಕಳಿಗೂ ಗೊತ್ತಿರೋ ಮಾತು. ಕೇಳಿದ್ರೆ ಹೇಳ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ!"

"ಅಮ್ಮ ಅದು."

"ಯಾರು?"

"ಮಡಿಕೆಯೊಳಗೆ ಹೋದವರು. ನಮ್ಮಮ್ಮ. ನಾನು ಹುಟ್ಟೋಕೆ ಮುಂಚಿನಿಂದ ಕೋರಸ್ಸಿನಲ್ಲಿ ಹಾಡ್ತಿದ್ದಾರೆ. ಈ ಶನಿವಾರ ಅವರ ಕೊನೇ ಪ್ರದರ್ಶನ. ಒಂದು ಪೋಸ್ಟರ್, ಒಂದು ಪೇಪರ್, ಎಲ್ಲೂ ಅವರ ಮುಖ ಬಂದಿಲ್ಲ. ಇದನ್ನ ಶನಿವಾರ ಕೈಗೆ ಕೊಡೋಣ ಅಂತ..."

ನಾನು ಮರುಕಪಡುತ್ತೇನೆಂದು ಅವನು ಅಂದುಕೊಂಡಿದ್ದರೆ ಅದು ಅವನ ತಪ್ಪು. ನನಗೆ ಬಂದದ್ದು ಅದುವರೆಗೆ ಬಂದಿದ್ದಕ್ಕಿಂತ ದೊಡ್ಡ ಸಿಟ್ಟು.

"ಹೇಳೋಕೆ ಏನಾಗಿತ್ತು? ಹಲ್ಲುನೋವಾ? ಅಮ್ಮ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು!"

"ಹೇಳಿದ್ರೆ ನೀನು ಪಾಪ ಅಂತ ಹಾಕ್ತಿದ್ದೆ. ನೀನು ಸುಲಭಕ್ಕೆ ಯಾವುದನ್ನೂ ಚೆನ್ನಾಗಿದೆ ಅನ್ನೋಳಲ್ಲ. ನೀನಾಗೇ ನೋಡಿ ಚೆನ್ನಾಗಿದೆ ಅನ್ನಲಿ ಅಂತ ಇತ್ತು." ಅವನ ದನಿಯೂ ಏರಿತು. "ನಿನ್ನ ಕಣ್ಣಿಗೆ ಬೀಳ್ಲಿ ಅಂತ ಇತ್ತು, ಸಾಕಾ?"

ಕ್ಯಾಂಟೀನಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅವನ ಎರಡೂ ಕಿವಿ ಕೆಂಪಗಿದ್ದವು. ನನ್ನ ಕಿವಿಯೂ ಬಿಸಿಯಾಯಿತು.

"ಏಳು," ಎಂದೆ. "ಈಗಲೇ ನಿಮ್ಮಮ್ಮನಿಗೆ ತೋರಿಸೋಣ. ಯಾವ ಫೋಟೋ ಬೇಕು ಅಂತ ಅವರೇ ಹೇಳ್ಲಿ."

ರಂಗಮಂದಿರದ ಹಿಂದಿನ ಕೋಣೆಯಲ್ಲಿ ಕೋರಸ್ಸಿನವರು ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದರು. ಅವನಮ್ಮ ಗಿಡ್ಡ ಹೆಂಗಸು, ಮೂಗಿನ ಮೇಲೆ ಕನ್ನಡಕ. ಮಗನ ಮುಖವನ್ನೂ ನನ್ನ ಮುಖವನ್ನೂ ನೋಡಿ ಪ್ರತಿ ತೆಗೆದುಕೊಂಡರು. ನಡುಪುಟವನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಒತ್ತಿದರು. ಪುಸ್ತಕದ ಬೆನ್ನು ಲಟಕ್ ಎಂದು ಮುರಿಯಿತು. ಒಳಗಿಂದ ಅವರ ಮುಖ ಎರಡು ಹೋಳಾಗಿ ಹೊರಗೆ ಬಂತು.

ಅವರು ತಮ್ಮ ಮುಖ ನೋಡಲೇ ಇಲ್ಲ. ಪುಟದ ಎಡ ಅಂಚಿನ ಮೇಲೆ ಬೆರಳಿಟ್ಟರು. "ಇವಳೆಲ್ಲೋ?"

"ಯಾರಮ್ಮ?"

"ನನ್ನ ಬಲಗಡೆ ಇಬ್ಬರು ಬಿಟ್ಟು ನಿಲ್ಲೋಳು. ಅವಳ ಬುಟ್ಟಿ ಇದೆ, ಅವಳಿಲ್ಲ. ಈ ಕಡೆ ಕೊನೆಯವಳೂ ಇಲ್ಲ."

"ನಿನ್ನನ್ನ ಮಧ್ಯಕ್ಕೆ ತರಬೇಕಿತ್ತಮ್ಮ. ಅದಕ್ಕೆ ಆ ಕಡೆ ಈ ಕಡೆ ಸ್ವಲ್ಪ..."

"ಸ್ವಲ್ಪ?" ಅವರು ಟೀ ಲೋಟ ಕೆಳಗಿಟ್ಟರು. "ಕೋರಸ್ಸಿನಲ್ಲಿ ಒಬ್ಬಳ ಗಂಟಲು ಬೇರೆಯಾಗಿ ಕೇಳಿಸಿದ್ರೆ ಅವಳನ್ನ ನಿಲ್ಲಿಸ್ತಾರೆ ಕಣೋ. ಬೇರೆಯಾಗಿ ಕೇಳಿಸದೇ ಇರೋದನ್ನ ಕಲಿಯೋಕೆ ನನಗೆ ಅರ್ಧ ಆಯಸ್ಸು ಬೇಕಾಯ್ತು. ನನ್ನ ಪಕ್ಕದವರನ್ನ ಕತ್ತರಿಸಿ ನನ್ನನ್ನ ಮೆರೆಸ್ತೀಯಾ? ಇದನ್ನ ಹಿಡ್ಕೊಂಡು ನಾನು ಅವರ ಎದುರಿಗೆ ಹೇಗೆ ಕೂರಲಿ?"

ಅವನು ತಲೆ ತಗ್ಗಿಸಿ ನಿಂತಿದ್ದ. ಅವನು ಬೈಸಿಕೊಳ್ಳುವುದನ್ನು ನೋಡಲು ನಾನು ಎಷ್ಟು ಕಾದಿದ್ದೆನೋ, ಈಗ ಅದು ಕಣ್ಣೆದುರು ನಡೆದಾಗ ಸಹಿಸಲಾಗಲಿಲ್ಲ.

"ಮೊದಲು ಕತ್ತರಿಸಿದ್ದು ನಾನು, ಆಂಟಿ," ಎಂದೆ. "ಇವನು ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡಿದ್ದು. ಶನಿವಾರದೊಳಗೆ ಎಲ್ಲರೂ ಪುಟದೊಳಗೆ ಬರ್ತಾರೆ. ಬರಲಿಲ್ಲ ಅಂದ್ರೆ ನನ್ನನ್ನ ಕೇಳಿ."

ಅಡಿಟಿಪ್ಪಣಿ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟ ಹೇಗಿತ್ತು ಎಂದು ಬರೆಯಲು ಅವನೇ ಬೇಕು, ನನಗೆ ಅಷ್ಟು ಅಡಿಟಿಪ್ಪಣಿ ಹಾಕಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಒಂದೇ ಸ್ಕ್ರೀನಿನ ಮುಂದೆ ಎರಡು ಕುರ್ಚಿ ಎಳೆದು ಕೂತೆವು. ಪೂರ್ತಿ ಫೋಟೋ ತೆರೆದೆ. ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಯಾರನ್ನೂ ಬಿಡುವ ಹಾಗಿಲ್ಲ. ಹಾಗಾದರೆ ಮಡಿಕೆ ಯಾರ ಮೇಲೆ ಬೀಳಬೇಕು? ಎಷ್ಟು ಹೊತ್ತು ನೋಡಿದೆವೋ. ಸಾಲಿನ ನಡುವೆ, ನಾಯಕಿ ನಡೆದು ಮುಂದೆ ಬರಲೆಂದು ಹೆಂಗಸರು ಬಿಟ್ಟುಕೊಟ್ಟ ಜಾಗ ಒಂದಿತ್ತು. ಅವಳು ಆಗಲೇ ದಾಟಿ ಮುಂದೆ ಹೋಗಿದ್ದಳು. ಮಡಿಕೆಯನ್ನು ಅಲ್ಲಿಗೆ ತಂದೆ. ಎಲ್ಲರೂ ಉಳಿದರು.

ಲೇಖನಕ್ಕೆ ಮಾತ್ರ ಜಾಗ ಇರಲಿಲ್ಲ.

"ಹೊಡಿ," ಎಂದ.

"ನಾನು ಹೊಡೆಯಲ್ಲ. ನೀನೇ ಹೊಡಿ."

ಹಲ್ಲು ಕಡಿದುಕೊಂಡು ಅವನೇ ಅಳಿಸುತ್ತ ಹೋದ. ಕೊನೆಗೆ ಉಳಿದದ್ದು ಸಾಲಿನಲ್ಲಿ ನಿಂತವರ ಹೆಸರುಗಳು, ಅಷ್ಟೇ. ಅಷ್ಟರಲ್ಲೂ ಅಕ್ಷರದ ಗಾತ್ರಕ್ಕೆ ಜಗಳವಾಯಿತು. ಅವನು ಗೆದ್ದ.

ಶನಿವಾರ ಪ್ರದರ್ಶನ ಮುಗಿದ ಮೇಲೆ ಅವನಮ್ಮನ ಕೈಗೆ ಹೊಸ ಪ್ರತಿ ಕೊಟ್ಟೆವು. ಅವರು ನಡುಪುಟ ತೆರೆದು, "ಬಾರೇ, ನೀನೂ ಇದ್ದೀಯ," ಎಂದು ಕೂಗಿದರು. ಮುಖದ ಬಣ್ಣ ಅಳಿಸಿಕೊಳ್ಳುತ್ತಿದ್ದವರೆಲ್ಲ ಅರ್ಧಂಬರ್ಧ ಮುಖದಲ್ಲೇ ಓಡಿಬಂದು ಮುತ್ತಿಕೊಂಡರು. ಎಲ್ಲರೂ ಫೋಟೋದಲ್ಲಿನ ತಂತಮ್ಮ ಮೂಗಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಅವನಮ್ಮ ಅಳುತ್ತಿದ್ದರು, ಆದರೆ ಎಲ್ಲರೂ ಅಳುತ್ತಿದ್ದುದರಿಂದ ಅದು ಬೇರೆಯಾಗಿ ಕಾಣಿಸಲಿಲ್ಲ.

ಹೊರಡುವಾಗ ನನ್ನ ಗಲ್ಲ ಹಿಡಿದು ಹೇಳಿದರು: "ಇವನು ಮನೇಲಿ ದಿನಾ ನಿನ್ನನ್ನ ಬೈತಾನೆ ಕಣಮ್ಮ. ಇಷ್ಟು ಆಸೆಯಿಂದ ಒಬ್ಬರನ್ನ ಬೈಯೋದನ್ನ ನಾನು ಎಲ್ಲೂ ಕೇಳಿಲ್ಲ."

ಹೊರಗಿನ ಮೆಟ್ಟಿಲ ಮೇಲೆ ಅವನನ್ನು ಅಡ್ಡಹಾಕಿದೆ. "ಏನಂತ ಬೈತೀಯ?"

"ಹೋಗ್ಲಿ ಬಿಡು."

"ಬಿಡಲ್ಲ. ಹೇಳು."

"ಪೆನ್ಸಿಲ್ ಕಚ್ತಾಳೆ ಅಂತ. ನಾನು ಬಂದ್ರೂ ತಲೆ ಎತ್ತಲ್ಲ ಅಂತ. ಬೇಕಂತ್ಲೇ ನನ್ನ ಒಳ್ಳೇ ವಾಕ್ಯಾನೇ ಹೊಡೀತಾಳೆ ಅಂತ."

"ಮತ್ತೆ?"

"ಪ್ರಾಜೆಕ್ಟ್ ಮುಗೀತು, ಇನ್ನು ಸೋಮವಾರದಿಂದ ಇವಳು ನನಗೆ ಸಿಗ್ತಾಳೋ ಇಲ್ವೋ ಅಂತ." ಅವನು ಸಿಟ್ಟಿನಿಂದಲೇ ಹೇಳಿದ. "ನನಗೆ ನೀನು ಬೇಕು. ಜಗಳ ಆಡೋಕಾದ್ರೂ ಸರಿ. ಕಾರಣ ಕೇಳಬೇಡ."

ಕಾರಣ ನನಗೂ ಬೇಕಿರಲಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ, ಎಷ್ಟೋ ದಿನಗಳಿಂದ, ಹಲ್ಲು ಕಡಿದುಕೊಂಡು.

"ಸಿಗ್ತೀನಿ, ಕೋತಿ," ಎಂದೆ. "ಆದ್ರೆ ಇನ್ನೊಂದು ಸಲ ನನ್ನನ್ನ ಕೇಳದೆ ನನ್ನ ಫೈಲ್ ಮುಟ್ಟಿದ್ರೆ ಕೈ ಮುರೀತೀನಿ."

ಅವನು ಕೈ ಮುಂದಕ್ಕೆ ಚಾಚಿದ. "ಮುರಿ."

ಹಿಡಿದುಕೊಂಡೆ. ಬೀದಿಯ ಕೊನೆಯವರೆಗೂ ಬಿಡಲಿಲ್ಲ. ಅಲ್ಲಿಂದ ಬಸ್ಸಿಗೆ ಹೋಗುವುದೋ, ನಡೆಯುವುದೋ ಎಂದು ಮತ್ತೆ ಜಗಳ ಶುರುವಾಯಿತು.