ಆರು ಬಾಟಲಿ ತಿಳಿನೀರು

ಬೆಳಿಗ್ಗೆ ಎಂಟಕ್ಕೆ ಪ್ರಯೋಗಾಲಯದ ಬಾಗಿಲು ತೆಗೆದ ಸಂಶೋಧಕಿ ಕಪಾಟಿನ ಮುಂದೆ ಹಾಗೇ ನಿಂತುಬಿಟ್ಟಳು. ಅಳಿವೆಯ ನಾಲ್ಕು ಕಡೆಯಿಂದ ತುಂಬಿ ತಂದ ಇಪ್ಪತ್ತನಾಲ್ಕು ಗಾಜಿನ ಬಾಟಲಿಗಳು. ಹದಿನೆಂಟರಲ್ಲಿ ನೀರು ಕದಡಿತ್ತು. ಆರರಲ್ಲಿ ಕನ್ನಡಿಯಂತೆ ತಿಳಿ. ನಿನ್ನೆ ಆ ಆರರಲ್ಲೇ ಸಾಸಿವೆಗಿಂತ ತುಸು ದಪ್ಪನೆಯ ಬಿಳಿ ಪ್ಲಾಸ್ಟಿಕ್ ಕಾಳು ತೇಲುತ್ತಿದ್ದವು.

ಒಂಬತ್ತಕ್ಕೆ ಇನ್ಸ್‌ಪೆಕ್ಟರ್ ಬಂದಳು.

“ಯಾರ ಮೇಲೆ ಗುಮಾನಿ?”

“ಕಾರ್ಖಾನೆ ಮ್ಯಾನೇಜರ್. ಈ ಆರೂ ಅವರ ಚರಂಡಿ ಬಂದು ಸೇರೋ ಜಾಗದ ನೀರು. ನಿನ್ನೆ ಎರಡಕ್ಕೇ ಬಂದು ವರಾಂಡದಲ್ಲಿ ಕೂತಿದ್ರು. ನಾಲ್ಕೂವರೆಯಿಂದ ಆರೂವರೆ ತನಕ ನನ್ನ ಆಫೀಸಲ್ಲಿ ಕೂಗಾಟ.”

“ಬೀಗ?”

“ಅವರು ಹೋದ್ಮೇಲೆ ಹಾಕಿದೆ. ಕೀಲಿ ನನ್ನ ಹತ್ರಾನೇ ಇತ್ತು.”

“ಬಾಟಲಿಗೆ ತುಂಬಿರೋದು ನಲ್ಲಿ ನೀರಾ?”

ಸಂಶೋಧಕಿ ಉಪ್ಪಿನ ಮೀಟರ್ ಅದ್ದಿದಳು. ಹುಬ್ಬು ಗಂಟಾಯಿತು. “ಹೊಳೆ ನೀರೇ. ಆದ್ರೆ ಉಪ್ಪು ಲೀಟರಿಗೆ ಒಂಬತ್ತು ಗ್ರಾಂ. ನಿನ್ನೆ ಬೆಳಿಗ್ಗೆ ಹನ್ನೊಂದೂವರೆಗೆ, ಕಡಲು ಉಕ್ಕಿ ಬರೋ ಭರತದಲ್ಲಿ ತುಂಬಿದಾಗ ಇಪ್ಪತ್ತೆಂಟಿತ್ತು.”

ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಕೆಂಪು ಹತ್ತಿಯ ಎಳೆಗಳು. ಯಾರೋ ಬಟ್ಟೆಯಲ್ಲಿ ನೀರು ಸೋಸಿದ್ದರು.

* * *

ಕಾರ್ಖಾನೆಯಲ್ಲಿ ಮ್ಯಾನೇಜರ್ ಉರಿದುಬಿದ್ದ. “ಎರಡೂವರೆ ಗಂಟೆ ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಕೂತಿದ್ದು ನೀರು ಕದಿಯೋಕಾ?”

“ನಿನ್ನೆ ಇಳಿತ ಎಷ್ಟೊತ್ತಿಗೆ?”

“ನನಗೇನ್ರೀ ಗೊತ್ತು?”

ಇನ್ಸ್‌ಪೆಕ್ಟರ್ ತಲೆಯಾಡಿಸಿ ಎದ್ದಳು.

* * *

ದೋಣಿಕಟ್ಟೆಯಲ್ಲಿ, ನೀರು ತುಂಬಲು ಸಂಶೋಧಕಿಯನ್ನು ಕರೆದೊಯ್ದಿದ್ದ ದೋಣಿಯವನು ಎಂಜಿನ್ ಒರೆಸುತ್ತಿದ್ದ, ಕೆಂಪು ಟವೆಲಿನಲ್ಲಿ.

“ನಿನ್ನೆ ಇಳಿತ ಎಷ್ಟೊತ್ತಿಗಪ್ಪಾ?”

“ಐದೂವರೆಗೆ ಪೂರ್ತಿ ಇಳಿದಿತ್ತು, ಮೇಡಂ.” ಹೇಳಿದವನು ಟವೆಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

“ಬಾಟಲಿಗಳಲ್ಲಿರೋದು ಆಗಿನ ನೀರೇ. ಇಳಿತದಲ್ಲಿ ಕಡಲು ಹಿಂದೆ ಸರಿಯುತ್ತೆ, ಉಪ್ಪು ಇಳಿಯುತ್ತೆ. ಆ ಹೊತ್ತಿಗೆ ಮ್ಯಾನೇಜರ್ ಆಫೀಸಲ್ಲಿ ಕೂಗಾಡ್ತಿದ್ದ, ಪ್ರಯೋಗಾಲಯಕ್ಕೆ ಇನ್ನೂ ಬೀಗ ಬಿದ್ದಿರಲಿಲ್ಲ. ಬಾಟಲಿ ಮೇಲೆ ಜಾಗದ ಹೆಸರಿಲ್ಲ, ಬರೀ ಅಂಕಿ. ಯಾವ ಅಂಕಿ ಯಾವ ಜಾಗದ್ದು ಅಂತ ಗೊತ್ತಿರೋದು ದೋಣಿಯಲ್ಲಿದ್ದ ಇಬ್ಬರಿಗೇ.”

ಅವನು ಟವೆಲನ್ನು ಮತ್ತೆ ಮುಂದಕ್ಕೆ ತಂದ.

“ನಮ್ಮಕ್ಕ ಅದೇ ಕಾರ್ಖಾನೇಲಿ ಹದಿನಾರು ವರ್ಷದಿಂದ ದುಡೀತಿದಾಳೆ. ಮುಚ್ಚಿದ್ರೆ ಅವಳ ಗತಿ?”

“ಕಾಳು ಎಲ್ಲಿ?”

ಪೆಟ್ಟಿಗೆಯಿಂದ ಡಬ್ಬಿ ತೆಗೆದು ಕೊಟ್ಟ. “ಬಾಟಲಿ ನೀರನ್ನ ಟವೆಲಿಗೆ ಸುರಿದು ಕಾಳು ತೆಗೆದೆ, ಬದಲಿಗೆ ಹೊಳೆ ನೀರನ್ನೂ ಅದರಲ್ಲೇ ಸೋಸಿ ತುಂಬಿದೆ. ಕಾಳು ಎಸೆಯೋಕೆ ಮನಸ್ಸು ಬರ್ಲಿಲ್ಲ. ಎಸೆದ್ರೆ ಮತ್ತೆ ಹೊಳೆಗೇ ತಾನೆ ಹೋಗೋದು?”

* * *

ಸುದ್ದಿ ಕೇಳಿ ಅಕ್ಕ ಕೆಲಸದ ಏಪ್ರನ್‌ನಲ್ಲೇ ಪ್ರಯೋಗಾಲಯಕ್ಕೆ ಓಡಿಬಂದಳು. ಬಂದವಳೇ ತಮ್ಮನ ಬೆನ್ನಿಗೊಂದು ಗುದ್ದಿದಳು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಚೀಲ ಇಳಿಸೋ ಕಡೆ ಕಾಳು ಚೆಲ್ಲಿ ಚರಂಡಿಗೆ ಬೀಳುತ್ತೆ. ಒಂದು ಜಾಲರಿ ಹಾಕ್ಸಿ ಅಂತ ಎಷ್ಟು ಸಲ ಹೇಳಿದೀನಿ! ನಮ್ಮ ಕಾರ್ಖಾನೆಯಿಂದಲೇ ಹೋಗ್ತಿರೋದು ಅನ್ನೋಕೆ ಏನು ಸಾಕ್ಷಿ ಅಂತಿದ್ರು ಮ್ಯಾನೇಜರ್. ಆ ಸಾಕ್ಷೀನೇ ನೀನು ಸೋಸಿಬಿಟ್ಟೆ!”

ಸಂಶೋಧಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. “ಇದು ವರದಿಗೆ ಸಾಕ್ಷಿ ಆಗಲ್ಲ. ಬಾಟಲಿ ಮೊದಲಿಂದ ತುಂಬಬೇಕು.” ಮತ್ತೆ ಅಕ್ಕನತ್ತ ತಿರುಗಿದಳು. “ಮುಚ್ಚಿ ಅಂತ ನಾನು ಬರೆಯಲ್ಲ. ಜಾಲರಿ ಹಾಕಿ ಅಂತ ಬರೀತೀನಿ. ಎಲ್ಲಿ ಹಾಕಬೇಕು ಅಂತ ನೀವು ತೋರಿಸಿ.”

“ದೂರು?” ಇನ್ಸ್‌ಪೆಕ್ಟರ್ ಕೇಳಿದಳು.

“ವಾಪಸ್ ತಗೊಳ್ತೀನಿ.”

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದಳು. “ಭರತಕ್ಕೆ ಇನ್ನೂ ಅರ್ಧ ಗಂಟೆ ಇದೆ.”

ದೋಣಿಯವನು ಖಾಲಿ ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡ. ಚರಂಡಿಯ ಬಾಯಿ ಸರಿಯಾಗಿ ಎಲ್ಲಿದೆ ಎಂದು ತೋರಿಸಲು ಅಕ್ಕ ಎಲ್ಲರಿಗಿಂತ ಮೊದಲು ದೋಣಿ ಹತ್ತಿದಳು.