ಅಳಿಸಿಹೋದ ಮೂವತ್ತೊಂದು ಚಿತ್ತಾರ

ಸೋಮವಾರ ಬೆಳಿಗ್ಗೆ 8.40ಕ್ಕೆ ಬಾಟಿಕ್ ಬಟ್ಟೆ ಅಂಗಡಿಯ ಒಡತಿ ಕಸ್ಮಿಯಾತಿ ಏದುಸಿರು ಬಿಡುತ್ತ ಪೆಕಲೊಂಗನ್ ಊರಿನ ಪೊಲೀಸ್ ಠಾಣೆಗೆ ಬಂದರು. ಬುಧವಾರ ಜಕಾರ್ತದ ಪ್ರದರ್ಶನಕ್ಕೆ ಹೋಗಬೇಕಿದ್ದ ಮೂವತ್ತೊಂದು ಚಿತ್ತಾರಗಳು ಕಂಪ್ಯೂಟರಿನಿಂದ ಮಾಯವಾಗಿದ್ದವು.

"ಕ್ಲೌಡ್‌ನಲ್ಲಿ ಇಟ್ಟಿರ್ಲಿಲ್ವಾ, ಬು?" ಇನ್ಸ್‌ಪೆಕ್ಟರ್ ಹಂದೋಕೊ ಕೇಳಿದರು. ಅಲ್ಲಿ ಹೆಂಗಸರನ್ನು ಗೌರವದಿಂದ ಬು ಎಂದೂ ಗಂಡಸರನ್ನು ಪಾಕ್ ಎಂದೂ ಕರೆಯುತ್ತಾರೆ.

"ಅಲ್ಲೂ ಇಲ್ಲ, ಫೋನಲ್ಲೂ ಇಲ್ಲ! ಇದೆಲ್ಲ ಅಂಗಡೀಲಿ ಕೆಲಸಕ್ಕಿರೋ ನನ್ನ ತಮ್ಮನ ಮಗ ಸಪ್ತೊನದೇ ಕಿತಾಪತಿ."

ದೂರು ದಾಖಲಾಯಿತು. 10.15ಕ್ಕೆ ಅಂಗಡಿಯಲ್ಲಿ ಮಹಜರು. ಕಾನ್‌ಸ್ಟೆಬಲ್ ತರ್ಮಿನಿ ಒಡತಿಯ ಕ್ಲೌಡ್ ಖಾತೆ ತೆರೆದಳು.

"ಕ್ಲೌಡ್ ಅಂದ್ರೆ ತಿಜೋರಿ ಅಲ್ಲ, ಪಾಕ್. ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಯುತ್ತೆ. ಆದ್ರೆ ಮೂವತ್ತು ದಿನ ಅದರ ಕಸದಬುಟ್ಟೀಲಿ ಬಿದ್ದಿರುತ್ತೆ."

ಮೂವತ್ತೊಂದೂ ಸಿಕ್ಕವು. ಒಡತಿ ಕುರ್ಚಿಗೆ ಕುಸಿದು ಅತ್ತೇಬಿಟ್ಟರು. ಅಳಿಸಿದ ಸಮಯವೂ ಅಲ್ಲೇ ದಾಖಲಾಗಿತ್ತು: ಶುಕ್ರವಾರ 12.07, ಇದೇ ಕಂಪ್ಯೂಟರ್. ಕ್ಲೌಡಿನ ಜಾಣತನಕ್ಕೆ ತಲೆದೂಗಲೇಬೇಕು. ಇಷ್ಟು ಅಚ್ಚುಕಟ್ಟಾದ ಸಾಕ್ಷಿ ಹಂದೋಕೊ ಅವರ ಇಪ್ಪತ್ತು ವರ್ಷದ ನೌಕರಿಯಲ್ಲಿ ಸಿಕ್ಕಿರಲಿಲ್ಲ.

"ಆ ಹೊತ್ತಿಗೆ ಎಲ್ಲಿದ್ದೆ, ಸಪ್ತೊ?" ಅಂಗಡಿಯಲ್ಲೇ ಇದ್ದ ಅವನನ್ನು ಹಂದೋಕೊ ಕೇಳಿದರು.

"ಮಸೀದೀಲಿ, ಪಾಕ್. ನಿಮ್ಮ ಹಿಂದಿನ ಸಾಲಲ್ಲೇ. ನೀವು ತೂಕಡಿಸ್ತಿದ್ರಿ."

ತರ್ಮಿನಿ ನಗು ನುಂಗಿಕೊಂಡಳು. ಗಂಡಸರೆಲ್ಲ ಶುಕ್ರವಾರದ ನಮಾಜಿಗೆ, ಒಡತಿ ಊಟಕ್ಕೆ ಹೋಗಿದ್ದಾಗ ಅಂಗಡಿಯಲ್ಲಿ ಉಳಿದವಳು ಚಿತ್ತಾರ ಬರೆಯುವ ಪಾರ್ತಿನಿ ಒಬ್ಬಳೇ. ಅವಳನ್ನು ಕರೆಸಿದರು.

"ಅಳಿಸಿದ್ದು ನೀನಾ?"

"ಹೌದು."

"ಇನ್ನೂ ಇನ್ನೂರು ಚಿತ್ತಾರ ಇದ್ವು. ಅವನ್ಯಾಕೆ ಬಿಟ್ಟೆ?"

"ಅವು ನಂದಲ್ಲ."

ಶುಕ್ರವಾರ ಬೆಳಿಗ್ಗೆ ಪ್ರದರ್ಶನದ ಪಟ್ಟಿ ಬಂದಿತ್ತು. ಮೂವತ್ತೊಂದರ ಎದುರಿಗೂ ಕಲಾವಿದೆ ಎಂದು ಕಸ್ಮಿಯಾತಿಯ ಹೆಸರೊಂದೇ ಇತ್ತು.

"ಅಂಗಡಿ ನಂದು, ಹೆಸರೂ ನಂದೇ. ಸಂಬಳ ಕೊಡ್ತಿಲ್ವಾ?" ಒಡತಿ ರೇಗಿದರು.

ತರ್ಮಿನಿ ಆ ಚಿತ್ತಾರಗಳ ಹಳೆಯ ವಿವರ ತೆರೆದಳು. ಆರು ವರ್ಷಗಳ ದಿನಾಂಕಗಳು, ಒಂದೊಂದರ ಮುಂದೂ ಒಂದೇ ಸಾಲು: ಮೊದಲು ಸೇರಿಸಿದವರು, ಪಾರ್ತಿನಿ. ಮನೆಯಲ್ಲಿ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ಬರೆದದ್ದೆಲ್ಲ ತಾನಾಗಿಯೇ ಅಂಗಡಿಗೆ ಬಂದು ಸೇರುತ್ತಿತ್ತು.

ಪಾರ್ತಿನಿ ಪರದೆಯನ್ನೇ ನೋಡಿದಳು. "ಇದು ನನ್ನ ಹೆಸರು ಬರ್ಕೊಂಡಿತ್ತಾ?"

"ಪ್ರತಿಯೊಂದಕ್ಕೂ," ಎಂದರು ಹಂದೋಕೊ.

"ಗೊತ್ತಿದ್ದಿದ್ರೆ ಅಳಿಸ್ತಿರ್ಲಿಲ್ಲ, ಪಾಕ್."

ಮಧ್ಯಾಹ್ನ 2.20ಕ್ಕೆ ಪಾರ್ತಿನಿಯ ಬಂಧನವಾಯಿತು. ವರದಿಯಲ್ಲಿ ಅಪರಾಧಕ್ಕೆ ಕಾರಣ ಎಂಬ ಕಡೆ ಹಂದೋಕೊ "ಹೆಸರು" ಎಂದಷ್ಟೇ ಬರೆದರು. ಅವಳ ಹೆಸರಿದ್ದ ಆ ಹಳೆಯ ವಿವರದ ಎರಡು ಪ್ರತಿ ತೆಗೆಸಿ ಒಂದನ್ನು ಕಡತಕ್ಕೆ ಸೇರಿಸಿದರು, ಇನ್ನೊಂದನ್ನು ಪಾರ್ತಿನಿಯ ಕೈಗೆ ಕೊಟ್ಟರು.